ಸಾರಿಗಲ್ಲದ ಸೀಗಡಿ

ಸಾಕುಪ್ರಾಣಿ ಅಂದ ಮೇಲೆ ಅದಕ್ಕೊಂದು ಹೆಸರಿರಬೇಕು, ಕರೆದರೆ ಬರಬೇಕು, ಬಾರದಿದ್ದರೆ ತಿರುಗಿಯಾದರೂ ನೋಡಬೇಕು. ನಾಯಿ ಬಾಲ ಅಲ್ಲಾಡಿಸುತ್ತೆ, ಬೆಕ್ಕು ಬಾಲ ಅಲ್ಲಾಡಿಸದೆಯೇ ನಮ್ಮನ್ನು ಆಳುತ್ತೆ, ಗಿಣಿ ನಾವು ಯಾರಿಗೂ ಹೇಳಬೇಡ ಅಂದದ್ದನ್ನೇ ನೆಂಟರ ಮುಂದೆ ಒದರುತ್ತೆ. ಈ ಸೀಗಡಿ ಏನು ಮಾಡುತ್ತೆ? ಗಾಜಿನ ಹತ್ತಿರ ಮುಖ ತಂದರೆ ಫಕ್ಕನೆ ಹಿಂದಕ್ಕೆ ನೆಗೆದು ಪಾಚಿಯೊಳಗೆ ಅಡಗಿಕೊಳ್ಳುತ್ತೆ. ಅಷ್ಟೇ. ಅಷ್ಟಕ್ಕಾಗಿ ನಮ್ಮ ಮನೆಯವರು, ಊರವರ ಲೆಕ್ಕವನ್ನೆಲ್ಲ ತಪಾಸಣೆ ಮಾಡುವ ಆಡಿಟರು, ದಿನಾ ಸಂಜೆ ಸ್ಟೂಲು ಹಾಕಿಕೊಂಡು ಟ್ಯಾಂಕಿನ ಮುಂದೆ ಕೂತುಬಿಡುತ್ತಾರೆ. ಕೈಯಲ್ಲಿ ಟಾರ್ಚು, ಮೂಗಿನ ತುದಿಗೆ ಓದುವ ಕನ್ನಡಕ, ಬಾಯಲ್ಲಿ "ಹದಿಮೂರು... ಹದಿನಾಲ್ಕು... ಏ, ಸುಮ್ನೆ ನಿಂತ್ಕೊಳ್ರೋ!" ಕಂಪನಿಗಳ ದಾಸ್ತಾನು ಎಣಿಸಿ ಸಹಿ ಹಾಕಿದ ಮನುಷ್ಯನಿಗೆ ತನ್ನ ಹಜಾರದ ದಾಸ್ತಾನು ಇವತ್ತಿಗೂ ತಾಳೆಯಾಗಿಲ್ಲ.

ಟ್ಯಾಂಕ್ ನೋಡಿದ ಅತಿಥಿಗಳು ಕೇಳುವ ಮೊದಲ ಪ್ರಶ್ನೆ, "ಮೀನೆಲ್ಲಿ?" ಎರಡನೆಯದು, "ಅಯ್ಯೋ, ಎಲ್ಲಾ ಸತ್ತುಹೋದ್ವಾ?" ಮೀನಲ್ಲ, ಶ್ರಿಂಪ್, ಇಲ್ಲಿ ಈ ಕೊರಡಿನ ಕೆಳಗೆ ನೋಡಿ, ಅಲ್ಲಲ್ಲ, ಸ್ವಲ್ಪ ಎಡಕ್ಕೆ, ಅಂತ ಇವರು ಬೆರಳು ತೋರಿಸುವಷ್ಟರಲ್ಲಿ ಅವರ ಕಾಫಿ ಆರಿರುತ್ತೆ. ಉಡುಪಿ ಕಡೆಯ ನಮ್ಮ ಭಾವನಂತೂ ಕೂತಲ್ಲಿಂದಲೇ ತೀರ್ಪು ಕೊಟ್ಟರು: "ಇದು ಎಟ್ಟಿಯಾ? ನಮ್ಮಲ್ಲಿ ಇದಕ್ಕಿಂತ ದೊಡ್ಡದು ಬಲೆಯ ಕಣ್ಣಿಂದ ಹೊರಗೆ ಹೋಗ್ತದೆ ಮಾರಾಯ." ಮಲ್ಪೆ ಬಂದರಿನಲ್ಲಿ ಬುಟ್ಟಿಗಟ್ಟಲೆ ಸೀಗಡಿ ನೋಡಿ ಬೆಳೆದವರು. ಒಣ ಸೀಗಡಿ ಚಟ್ನಿಗೆ ಎಷ್ಟಾದೀತು ಅಂತ ಕಣ್ಣಳತೆಯಲ್ಲೇ ಲೆಕ್ಕ ಹಾಕಿ, "ಒಬ್ಬನಿಗೂ ಸಾಲುದಿಲ್ಲ" ಅಂತ ನಿಟ್ಟುಸಿರು ಬಿಟ್ಟರು. ಅದನ್ನು ಕೇಳಿದ ಇವರು ಎರಡು ಹೊತ್ತು ಸರಿಯಾಗಿ ಮಾತಾಡಲಿಲ್ಲ. ಈ ಟ್ಯಾಂಕ್ ಬಂದ ಮೇಲೆ ಹೋಟೆಲಿಗೆ ಹೋದರೂ ಸೀಗಡಿ ಘೀ ರೋಸ್ಟ್ ಬಿಟ್ಟಿದ್ದಾರೆ. ಏಡಿ ಮಾತ್ರ ತಿನ್ನುತ್ತಾರೆ. ಏಡಿಯೂ ಸೀಗಡಿಯೂ ದಾಯಾದಿಗಳು ಅಂತ ನಾನಿನ್ನೂ ಬಾಯಿ ಬಿಟ್ಟಿಲ್ಲ.

ಇವುಗಳ ಅಂಗಡಿ ಹೆಸರು ಚೆರ್ರಿ ಶ್ರಿಂಪ್. ಶಾಸ್ತ್ರದ ಹೆಸರು ನಿಯೋಕ್ಯಾರಿಡೀನಾ ಡೇವಿಡಿ. ಮೂಲಸ್ಥಾನ ಪೂರ್ವ ಚೀನಾ, ಕೊರಿಯಾ, ತೈವಾನ್ ಕಡೆಯ ಸಿಹಿನೀರಿನ ಹಳ್ಳಕೊಳ್ಳ. 1904ರಲ್ಲಿ ಬೂವಿಯೇ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಇದನ್ನು ವಿವರಿಸಿ, ಚೀನಾದಲ್ಲೆಲ್ಲ ಅಲೆದ ಪಾದ್ರಿ ಆರ್ಮಾಂಡ್ ಡೇವಿಡ್ ಹೆಸರನ್ನು ಇದಕ್ಕಿಟ್ಟ. ಪಾಂಡಾವನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದ್ದೂ ಅದೇ ಪಾದ್ರಿ. ಒಂದೇ ಖಾತೆಯಲ್ಲಿ ಪಾಂಡಾನೂ ಜಮಾ, ಒಂದು ಅಂಗುಲದ ಸೀಗಡಿಯೂ ಜಮಾ. ಹೆಣ್ಣು ಚೆನ್ನಾಗಿ ಬೆಳೆದರೆ 3 ಸೆಂಟಿಮೀಟರ್ ಆಸುಪಾಸು. ಗಂಡು ಅದಕ್ಕಿಂತ ಸಣಕಲು, ಬಣ್ಣದಲ್ಲೂ ಪೇಲವ. ಆಯಸ್ಸು ಒಂದರಿಂದ ಎರಡು ವರ್ಷ. ಸ್ವಂತ ಊರಿನಲ್ಲಿ ಇವಕ್ಕೆ ಕೆಂಪೂ ಇಲ್ಲ, ಗಿಂಪೂ ಇಲ್ಲ. ಕೆಸರಿನ ಮೇಲೆ ಕೂತರೆ ಕಾಣದ ಕಂದು. ಆ ಕೆಂಪೆಲ್ಲ ಮನುಷ್ಯರು ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಆರಿಸಿ ತೆಗೆದದ್ದು. ಸಾಕುವುದು ಬಹಳ ಸುಲಭ ಅಂತ ತಿಳಿದವರೆಲ್ಲ ಹೇಳುತ್ತಾರೆ. ನಿಜ. ಸಾಕುವವರು ಬಿಟ್ಟರೆ ಅವು ತಾವೇ ಸಾಕಿಕೊಳ್ಳುತ್ತವೆ. ಸಾಕುವವರು ಬಿಡುವುದಿಲ್ಲ, ಅದೇ ತಾಪತ್ರಯ.

ಮೊದಲು ಟ್ಯಾಂಕ್ "ಸೈಕಲ್" ಆಗಬೇಕಂತೆ. ಎರಡಡಿಯ ಗಾಜಿನ ಪೆಟ್ಟಿಗೆ ಬಂತು, ಕಪ್ಪು ಮಣ್ಣು ಬಂತು, ಸ್ಪಾಂಜ್ ಫಿಲ್ಟರ್ ಗುಳುಗುಳು ಅನ್ನತೊಡಗಿತು, ಒಂದು ಕೊರಡಿಗೆ ದಾರದಲ್ಲಿ ಜಾವಾ ಮಾಸ್ ಕಟ್ಟಿ ಮುಳುಗಿಸಿದ್ದೂ ಆಯಿತು. ಸೀಗಡಿ ಮಾತ್ರ ಬರಲಿಲ್ಲ. ವಾರಗಟ್ಟಲೆ ನಮ್ಮ ಹಜಾರದಲ್ಲಿ ಬರೀ ನೀರನ್ನು ಸಾಕಿದೆವು. ಅದಕ್ಕೆ ಲೈಟು, ಅದಕ್ಕೆ ಟೈಮರು, ಅದರ ಮುಂದೆಯೂ ಸ್ಟೂಲು. ಕೇಳಿದರೆ ಉಪನ್ಯಾಸ: ಜೀವಿಗಳ ಹೊಲಸಿನಿಂದ, ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತೆ, ಅದು ವಿಷ, ಒಂದು ಪಂಗಡದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷ, ಇನ್ನೊಂದು ಪಂಗಡ ಬಂದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಸ್ವಲ್ಪ ಮಟ್ಟಿಗೆ ಸಹಿಸಬಹುದು. ಈ ಎರಡೂ ಪಂಗಡ ಸ್ಪಾಂಜಿನಲ್ಲಿ, ಮಣ್ಣಿನಲ್ಲಿ ಬೇರೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಮುಂಚೆ ಅವಸರಪಟ್ಟು ಸೀಗಡಿ ಬಿಟ್ಟವರು ಬೆಳಗ್ಗೆದ್ದು ಹೆಣ ಎತ್ತುತ್ತಾರೆ. ನಮ್ಮ ಅತ್ತೆ ಈ ಉಪನ್ಯಾಸವನ್ನು ಪೂರ್ತಿ ಕೇಳಿ, "ಅಂದ್ರೆ ನೀರು ಹಳೇದಾಗ್ಬೇಕು, ಅಷ್ಟೇ ತಾನೆ?" ಅಂದರು. ಎರಡು ಪುಟದ ರಸಾಯನಶಾಸ್ತ್ರ ಒಂದೇ ಮಾತಿಗೆ ಇಳಿದದ್ದು ಇವರಿಗೆ ಹಿಡಿಸಲಿಲ್ಲ. ಆದರೆ ಅಷ್ಟೇ ನಿಜ. ಹಳೆಯ ಟ್ಯಾಂಕಿನ ಗಾಜು, ಕಲ್ಲು, ಎಲೆಗಳ ಮೇಲೆ ಕಣ್ಣಿಗೆ ಕಾಣದ ಒಂದು ಲೋಳೆ ಪದರ ಕೂಡುತ್ತೆ, ಬಯೋಫಿಲ್ಮ್ ಅಂತಾರೆ. ಸೀಗಡಿಗೆ ಮೂರು ಹೊತ್ತಿನ ಊಟ ಅದೇ. ಮನೆಯ ಹೆಂಗಸರು ಎಲ್ಲವನ್ನೂ ಫಳಫಳ ತೊಳೆದಿಡಬೇಕು ಅನ್ನುವ ಗಂಡಸರೇ ಟ್ಯಾಂಕಿನೊಳಗಿನ ಲೋಳೆಗೆ ಕೈ ಮುಗಿಯುತ್ತಾರೆ.

ಇನ್ನು ನೀರಿನ ಮಾತು. ಬೆಂಗಳೂರಿನಲ್ಲಿ ನೀರಿಗೆ ಮೂರು ಜಾತಿ: ಕಾವೇರಿ, ಬೋರು, ಟ್ಯಾಂಕರು. ಟ್ಯಾಂಕರಿನ ಗೋತ್ರ ಕೇಳಬಾರದು. ಬೋರಿನ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತೆ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬೆಟ್ಟ ಹತ್ತಿ ಬರುತ್ತಾಳೆ. ಬರುವಾಗ ಜೊತೆಗೆ ಕ್ಲೋರಿನ್ ತರುತ್ತಾಳೆ. ಹಾಗಾಗಿ ಇಡೀ ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಇಲ್ಲವೆ ಎರಡು ಹನಿ ಔಷಧಿ ಹಾಕಿ, ಆಮೇಲೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನ ಕಡ್ಡಿ ಅದ್ದಿ, ನೂರೈವತ್ತರಿಂದ ಇನ್ನೂರೈವತ್ತರ ನಡುವೆ ಅಂಕಿ ಬರುವತನಕ ಆರ್‌ಓ ನೀರು ಬೆರೆಸಿ, ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಟ್ಯಾಂಕಿಗೆ. ನಾವು ಕುಡಿಯುವ ನೀರಿನ ಟಿಡಿಎಸ್ ಎಷ್ಟು ಅಂತ ಕೇಳಿ ನೋಡಿ, ಇವರಿಗೆ ಗೊತ್ತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿ ಕೂತಿದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತಲ್ಲ, ಆಗ ಇವರು ಆ ಆದೇಶವನ್ನು ಆಡಿಟರ್ ಕಣ್ಣಿಂದ ಸಾಲು ಸಾಲಾಗಿ ಓದಿ, "ಸೀಗಡಿ ವಿಷಯ ಇಲ್ಲಿ ಎಲ್ಲೂ ಬಂದಿಲ್ಲ" ಅಂತ ನೆಮ್ಮದಿಯ ಉಸಿರು ಬಿಟ್ಟರು. ನಾನು ಪಾತ್ರೆ ತೊಳೆದ ನೀರಲ್ಲಿ ನೆಲ ಒರೆಸುತ್ತಿದ್ದೆ.

ಅಂಗಡಿಯಿಂದ ಸೀಗಡಿ ಬಂದ ದಿನದ ವೈಭೋಗ ಬೇರೆ. ಪ್ಲಾಸ್ಟಿಕ್ ಚೀಲದ ನೀರೂ ನಮ್ಮ ನೀರೂ ಒಂದೇ ಅಲ್ಲವಲ್ಲ, ಥಟ್ಟನೆ ಬದಲಾದರೆ ತಡೆಯವು. ಅದಕ್ಕೆ ಆಸ್ಪತ್ರೆಯ ಡ್ರಿಪ್ಪಿನ ಸಣ್ಣ ನಳಿಕೆ ತಂದು, ಗಂಟು ಹಾಕಿ, ಹನಿ ಹನಿಯಾಗಿ ಟ್ಯಾಂಕಿನ ನೀರನ್ನು ಅವು ಇದ್ದ ಡಬ್ಬಿಗೆ ಇಳಿಸುತ್ತಾ ಕೂರಬೇಕು, ಒಂದೆರಡು ಗಂಟೆ. ಆ ಹೊತ್ತಿಗೆ ಸರಿಯಾಗಿ ಹಾಲಿನವನು ಬಾಗಿಲಿಗೆ ಬಂದು, ಡ್ರಿಪ್ಪು ನೋಡಿ ಗಾಬರಿಯಾಗಿ, "ಅಮ್ಮೋರಿಗೆ ಏನಾಯ್ತು ಸಾರ್?" ಅಂತ ಕೇಳಿದ.

ಸೊಳ್ಳೆಯ ಕತೆ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಸೊಳ್ಳೆ ಕೊಲ್ಲುವ ಸ್ಪ್ರೇ, ಗೋಡೆಗೆ ಚುಚ್ಚುವ ಸೀಸೆ, ಸುರುಳಿ ಬತ್ತಿ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ನಮಗೆ ತಲೆನೋವು ತರಬಹುದಾದ ಆ ವಸ್ತು ಸೀಗಡಿಗೆ ಯಮ. ಕೀಟ ಮತ್ತು ಸೀಗಡಿ ಎರಡೂ ಸಂಧಿಪದಿಗಳೇ, ಸೊಳ್ಳೆಗೆ ಹಾಕಿದ ಪಾಶ ಇವಕ್ಕೂ ಬೀಳುತ್ತೆ. ಸಾಲದ್ದಕ್ಕೆ ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತಿರುತ್ತೆ. ಅಂದಮೇಲೆ ಹಜಾರದಲ್ಲಿ ಸೊಳ್ಳೆ ಔಷಧಿ ನಿಷಿದ್ಧ. ನಾವು ಮನುಷ್ಯರು ಟೀವಿ ನೋಡುತ್ತಾ ಕಾಲು ಕೆರೆದುಕೊಳ್ಳುತ್ತೇವೆ. ಅವು ಎದುರಿಗೆ ನೆಮ್ಮದಿಯಾಗಿ ಪಾಚಿ ಕೆರೆಯುತ್ತವೆ. ಈ ಮನೆಯಲ್ಲಿ ಡೆಂಗಿ ಬಂದರೆ ನಮಗೆ ಬರಬೇಕು, ಬ್ಯಾಟು ಹಿಡಿದು ಚಟಪಟ ಅನ್ನಿಸುವುದಷ್ಟೇ ನಮಗುಳಿದ ಹಕ್ಕು.

ಎರಡನೇ ಶತ್ರು ತಾಮ್ರ. ವಿಚಿತ್ರ ನೋಡಿ, ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ನಮ್ಮದರಲ್ಲಿರುವ ಕಬ್ಬಿಣವಲ್ಲ, ತಾಮ್ರ. ಹೀಮೋಸಯನಿನ್ ಅಂತ ಅದರ ಹೆಸರು, ಗಾಳಿ ತಾಕಿದರೆ ನೀಲಿ ಬಣ್ಣ. ಆದರೆ ಹೊರಗಿನಿಂದ ನೀರಿಗೆ ಒಂದಿಷ್ಟು ತಾಮ್ರ ಸೇರಿತೋ, ಕತೆ ಮುಗಿಯಿತು. ಮೀನಿನ ಕಾಯಿಲೆಯ ಎಷ್ಟೋ ಔಷಧಿಗಳಲ್ಲಿ ತಾಮ್ರವಿರುತ್ತೆ, ಗಿಡದ ಗೊಬ್ಬರದಲ್ಲೂ ಇರುತ್ತೆ, ಶೀಶೆಯ ಹಿಂದಿನ ಇರುವೆಯಕ್ಷರ ಓದದೆ ಸುರಿದವರ ಟ್ಯಾಂಕು ರಾತ್ರೋರಾತ್ರಿ ಖಾಲಿ. ನಮ್ಮ ಮನೆಯಲ್ಲಿ ಅಪಾಯ ಇನ್ನೂ ಹತ್ತಿರದ್ದು. ಅತ್ತೆ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವವರು. ಮಿಕ್ಕಿದ್ದನ್ನು ತುಳಸಿಗೆ ಹಾಕುವ ಕೈ ಯಾವತ್ತಾದರೂ ಟ್ಯಾಂಕಿನ ಕಡೆ ತಿರುಗೀತು ಅನ್ನುವ ಭಯದಲ್ಲಿ ಇವರು ಚೊಂಬು ಕಂಡಲ್ಲೆಲ್ಲ ಅಡ್ಡ ನಿಲ್ಲುತ್ತಾರೆ. "ನಮ್ಮ ವಂಶವೆಲ್ಲ ತಾಮ್ರದ ಹಂಡೆ ನೀರು ಕುಡಿದೇ ಬೆಳೆದದ್ದು ಕಣೋ" ಅಂತ ಅತ್ತೆ. "ಅಮ್ಮಾ, ಇವು ನಮ್ಮ ವಂಶ ಅಲ್ಲ" ಅಂತ ಇವರು. ಆ ಮಾತನ್ನು ಎಷ್ಟು ಮರುಕದಿಂದ ಹೇಳುತ್ತಾರೆ ಅಂದರೆ, ಆಗಿದ್ದರೆ ಚೆನ್ನಾಗಿತ್ತು ಅನ್ನುವ ಧ್ವನಿ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸೀಗಡಿ ಸಾಕುವವರಿಗೆ ಸರಿಯಾಗಿ ಒಪ್ಪುತ್ತೆ. ಒಂದು ದಿನ ಕೊರಿಯರಿನಲ್ಲಿ ಪೊಟ್ಟಣ ಬಂತು. ಒಳಗೆ ಒಣಗಿದ ಎಲೆ. ಬಾದಾಮಿ ಎಲೆ. ಅದೇ, ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲೂ ಫುಟ್‌ಪಾತಿನ ಮೇಲೆ ಕೆಂಪಗೆ ಉದುರಿ, ಪೌರಕಾರ್ಮಿಕರು ಬೈಕೊಂಡು ಗುಡಿಸುವ ಕಾಡುಬಾದಾಮಿ ಮರದ ಎಲೆ. ನಮ್ಮ ಗೇಟಿನ ಮುಂದೆಯೇ ಒಂದು ಮರ ನಿಂತಿದೆ. ಅದರ ಕೆಳಗೆ ನಿಂತೇ ಇವರು ಕೊರಿಯರಿನವನಿಗೆ ಸಹಿ ಹಾಕಿದರು. ಆ ಎಲೆ ನೀರಲ್ಲಿ ನೆನೆದು ಚಹಾದ ಬಣ್ಣ ಬಿಡುತ್ತೆ, ಅದರಲ್ಲಿರುವ ಟ್ಯಾನಿನ್ ಬೂಸು ತಡೆಯುತ್ತೆ ಅನ್ನುತ್ತಾರೆ, ಕೊಳೆಯುತ್ತಾ ಕೊಳೆಯುತ್ತಾ ಮೇಲೆ ಆ ಲೋಳೆ ಕಟ್ಟುತ್ತೆ, ಮರಿಗಳು ಅದರಡಿಯಲ್ಲೇ ಹೊಟ್ಟೆ ಹೊರೆಯುತ್ತವೆ. ಒಂದು ತಿಂಗಳಲ್ಲಿ ಎಲೆಯ ಮೆತ್ತಗಿನ ಭಾಗವನ್ನೆಲ್ಲ ಕೆರೆದು ತಿಂದು ನರನರ ಜಾಲರಿಯನ್ನಷ್ಟೇ ಬಿಡುತ್ತವೆ, ಎಷ್ಟು ಅಚ್ಚುಕಟ್ಟಾಗಿ ಅಂದರೆ ಪುಸ್ತಕದಲ್ಲಿಟ್ಟು ಕಾಪಾಡಬೇಕು. ಮುಂದಿನ ಪೊಟ್ಟಣ ಬಂದಾಗ ನನಗೆ ತಡೆಯಲಾಗಲಿಲ್ಲ. ಅದರಲ್ಲಿದ್ದದ್ದು ಹಿಪ್ಪುನೇರಳೆ ಸೊಪ್ಪು! ಒಣಗಿಸಿ, ತುಂಡು ಮಾಡಿ, ಹೊಳೆಯುವ ಚೀಲದಲ್ಲಿ ಹಾಕಿ, ಮೇಲೆ ಸೀಗಡಿಯ ಚಿತ್ರ ಬರೆದದ್ದು. ರಾಮನಗರ, ಶಿಡ್ಲಘಟ್ಟದ ಕಡೆ ಗಾಡಿಗಟ್ಟಲೆ ಬೆಳೆದು ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪು. ನಮ್ಮಮ್ಮನ ತವರಿನಲ್ಲಿ ಹುಳ ಮೇಯಿಸುತ್ತಿದ್ದರು. ಸೊಪ್ಪಿನ ಹೊರೆ ಹೊತ್ತ ನಮ್ಮಜ್ಜಿಗೆ ಇದನ್ನು ಗ್ರಾಂ ಲೆಕ್ಕದಲ್ಲಿ ಮಾರುವ ದಿನ ಬರುತ್ತೆ ಅಂತ ಯಾರಾದರೂ ಹೇಳಿದ್ದರೆ ಹೊರೆ ಕೆಳಗಿಟ್ಟು ನಕ್ಕಿರುತ್ತಿದ್ದಳು. ಒಂದು ಎಚ್ಚರಿಕೆ ಮಾತ್ರ ನಿಜವಾಗಿ ಬೇಕು: ತೋಟದ ಸೊಪ್ಪಿಗೆ ಔಷಧಿ ಹೊಡೆದಿರಬಾರದು. ರೇಷ್ಮೆ ಹುಳಕ್ಕೂ ಅದೇ ಕಟ್ಟಳೆ, ಆದ್ದರಿಂದ ಹುಳ ತಿಂದು ಬದುಕಿದ ಸೊಪ್ಪನ್ನು ಸೀಗಡಿಗೂ ಧೈರ್ಯವಾಗಿ ಹಾಕಬಹುದು ಅಂತ ನನ್ನ ವಾದ. ಇವರು ಇನ್ನೂ ಚೀಲದ್ದನ್ನೇ ತರಿಸುತ್ತಾರೆ. ಬಾರ್‌ಕೋಡ್ ಇರಬೇಕು.

ಸೀಗಡಿ ತಿನ್ನುವುದನ್ನು ನೋಡುವುದು ಮಾತ್ರ ಚೆಂದ, ಅದನ್ನು ಒಪ್ಪುತ್ತೇನೆ. ಮುಂದಿನ ನಾಲ್ಕು ಪುಟ್ಟ ಕೈಗಳ ತುದಿಯಲ್ಲಿ ಕುಂಚದಂಥ ಕೂದಲಿನ ಚಿಮುಟ. ಎಡಗೈಯದು ಬಾಯಿಗೆ ಹೋಗುವಾಗ ಬಲಗೈ ಕೆಳಗೆ ಕೆರೆಯುತ್ತಿರುತ್ತೆ, ಬಲಗೈಯದು ಬಾಯಿಗೆ ಬರುವಾಗ ಎಡಗೈ ಮತ್ತೆ ಕೆಳಗೆ. ಜಾತ್ರೆಯಲ್ಲಿ ಮಕ್ಕಳು ಎರಡೂ ಕೈಯಲ್ಲಿ ಕಡಲೆಪುರಿ ಮುಕ್ಕುವುದು ಹೀಗೇ. ನಿಲ್ಲಿಸುವುದೇ ಇಲ್ಲ. ನಿದ್ದೆ ಯಾವಾಗ ಮಾಡುತ್ತವೋ ಕಾಣೆ. ಅವು ಇಷ್ಟು ತಿನ್ನುವುದನ್ನು ನೋಡಿ ನಮಗೆ ಪಾಪ, ಹಸಿದಿವೆ ಅನ್ನಿಸುತ್ತೆ. ಅಲ್ಲಿಂದ ಅನಾಹುತ ಶುರು. ಮೇಲಿಂದ ಕಾಳು, ಗುಳಿಗೆ, ಬೆಂದ ಪಾಲಕ್ಕು, ಸೌತೆಕಾಯಿ ಬಿಲ್ಲೆ. ತಿಂದು ಮಿಕ್ಕದ್ದು ಕೊಳೆತು ಮತ್ತೆ ಅಮೋನಿಯಾ. ಹಾಕಿದ ಸೌತೆಕಾಯಿ ಬಿಲ್ಲೆಯನ್ನು ಕೆಲವು ಗಂಟೆಯಲ್ಲಿ ತೆಗೆಯಲೇಬೇಕು. ಹಸಿವಿನಿಂದ ಸತ್ತ ಸಾಕು ಸೀಗಡಿಗಿಂತ ಯಜಮಾನನ ಪ್ರೀತಿಯಿಂದ ಸತ್ತವೇ ಹೆಚ್ಚು.

ಈಗ ಮುಖ್ಯ ವಿಷಯ, ಸಂತಾನ. ಹೆಣ್ಣಿನ ತಲೆಯ ಹಿಂದೆ, ಬೆನ್ನ ಮೇಲೆ, ಹಳದಿಯೋ ತಿಳಿಹಸಿರೋ ಆದ ಒಂದು ಮಚ್ಚೆ ಕಾಣಿಸಿಕೊಳ್ಳುತ್ತೆ. ಸ್ಯಾಡಲ್ ಅಂತಾರೆ. ಒಳಗಿನ ಅಂಡಾಶಯದಲ್ಲಿ ಮೊಟ್ಟೆ ತಯಾರಾಗುತ್ತಿರುವುದು ಪಾರದರ್ಶಕ ಮೈಯಲ್ಲಿ ಹೊರಗೇ ಕಾಣುತ್ತೆ. ಗುಟ್ಟು ಅನ್ನುವುದೇ ಇಲ್ಲ ಪಾಪ. ಆಮೇಲೆ ಹೆಣ್ಣು ಪೊರೆ ಕಳಚಬೇಕು. ಸೀಗಡಿಗೆ ಎಲುಬಿಲ್ಲ, ಚಿಪ್ಪೇ ಆಸರೆ. ಮೈ ಬೆಳೆದರೂ ಚಿಪ್ಪು ಬೆಳೆಯದು, ಆದ್ದರಿಂದ ಹಳೆಯದನ್ನು ಬೆನ್ನ ಮೇಲೆ ಬಿರಿದು ಒಂದೇ ನೆಗೆತಕ್ಕೆ ಹೊರಗೆ ಬರುತ್ತೆ. ಮೀಸೆ, ಕಾಲು, ಕಣ್ಣಿನ ಗುಬುಟು ಸಮೇತ ಹಳೇ ಚಿಪ್ಪು ಅಲ್ಲೇ ಬಿದ್ದಿರುತ್ತೆ, ಗಾಜಿನಷ್ಟು ತೆಳ್ಳಗೆ. ಹೊಸಬರು ಅದನ್ನು ಹೆಣ ಅಂತ ತಿಳಿದು ಎತ್ತಿ ಹಾಕುತ್ತಾರೆ. ಎತ್ತಬಾರದು, ಅದರಲ್ಲಿರುವ ಸುಣ್ಣಕ್ಕಾಗಿ ಅವೇ ತಿಂದು ಮುಗಿಸುತ್ತವೆ. ನೀರಿನಲ್ಲಿ ಖನಿಜ ಹೊಂದಿಕೆಯಾಗದಿದ್ದರೆ ಚಿಪ್ಪು ಸರಿಯಾಗಿ ಬಿರಿಯದೆ, ಕುತ್ತಿಗೆಯ ಸುತ್ತ ಬಿಳಿ ಬಳೆ ಮೂಡಿ, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿ ಸಾಯುತ್ತವೆ. ಆ ಬಿಳಿ ಬಳೆ ಕಂಡ ದಿನ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಯಾರೂ ಮಾತಾಡುವುದಿಲ್ಲ.

ಹೆಣ್ಣು ಪೊರೆ ಬಿಟ್ಟ ಗಳಿಗೆಯಲ್ಲಿ ನೀರಿಗೆ ಒಂದು ವಾಸನೆ ಬಿಡುತ್ತೆ. ಅಷ್ಟೇ ಸಾಕು. ಅಲ್ಲಿಯತನಕ ಮೂಲೆಯಲ್ಲಿ ಸೋಮಾರಿಯಾಗಿ ಕೂತಿದ್ದ ಸಣಕಲು ಗಂಡುಗಳೆಲ್ಲ ಎದ್ದು, ಟ್ಯಾಂಕಿನ ಈ ಗೋಡೆಯಿಂದ ಆ ಗೋಡೆಗೆ, ಮೇಲಿಂದ ಕೆಳಕ್ಕೆ, ಹುಚ್ಚೆದ್ದು ಈಜತೊಡಗುತ್ತವೆ. ಇದು ಸ್ವಯಂವರವೂ ಅಲ್ಲ, ಏಕೆಂದರೆ ವಧು ಎಲ್ಲೋ ಎಲೆಯ ಕೆಳಗೆ, ಮೆತ್ತಗಿನ ಹೊಸ ಚಿಪ್ಪಿನಲ್ಲಿ, ಯಾರಿಗೂ ಸಿಗದೆ ಅಡಗಿ ಕೂತಿದ್ದಾಳೆ. ಇವರು ಮಾತ್ರ ಫೋನು ಹಿಡಿದು ವೀಡಿಯೋ ಮಾಡುತ್ತಾರೆ. ನಮ್ಮ ಮದುವೆಯ ಕ್ಯಾಸೆಟ್ ಅಟ್ಟದ ಮೇಲೆ ಬೂಸು ಹಿಡಿದು ಬಿದ್ದಿದೆ.

ಮರುದಿನ ನೋಡಿದರೆ ಮೊಟ್ಟೆ ಹೊಟ್ಟೆಯಡಿಗೆ ಇಳಿದಿರುತ್ತೆ. ಇಪ್ಪತ್ತೋ ಮೂವತ್ತೋ ಪುಟಾಣಿ ಗುಂಡು, ಈಜುಗಾಲುಗಳ ನಡುವೆ ಗೊಂಚಲಾಗಿ. ಇದಕ್ಕೆ "ಬೆರ್ರೀಡ್ ಆಗಿದೆ" ಅಂತ ಹೇಳಬೇಕು. ಫೋನಿನಲ್ಲಿ ಗೆಳೆಯನಿಗೆ ಈ ಸುದ್ದಿ ಕೊಡುವಾಗ ಏರಿದಷ್ಟು ಇವರ ದನಿ ನಮ್ಮ ಮಗಳು ಸಿಎ ಪಾಸಾದಾಗಲೂ ಏರಿರಲಿಲ್ಲ. ಆಮೇಲಿನ ಮೂರು ನಾಲ್ಕು ವಾರ ಆ ತಾಯಿಯ ಕೆಲಸ ನೋಡಬೇಕು: ಈಜುಗಾಲನ್ನು ಬಿಡದೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತೆ, ಆಗಾಗ ಒಂದೊಂದನ್ನೂ ಕಾಲಲ್ಲಿ ಹೊರಳಿಸುತ್ತೆ, ಕೆಟ್ಟದ್ದನ್ನು ಕೆಡವುತ್ತೆ. ಕೊನೆಕೊನೆಗೆ ಲೆನ್ಸು ಹಿಡಿದರೆ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ, ಮರಿಯ ಕಣ್ಣು. ಒಂದು ರಾತ್ರಿ ಮೊಟ್ಟೆ ಖಾಲಿ. ಒಂದೆರಡು ಮಿಲಿಮೀಟರಿನ ಮರಿಗಳು, ಹುಟ್ಟುವಾಗಲೇ ಪೂರ್ತಿ ಸೀಗಡಿ, ಮೀಸೆ ಸಮೇತ. ಮಧ್ಯೆ ಬೇರೆ ರೂಪವಿಲ್ಲ, ತೊಟ್ಟಿಲಿಲ್ಲ, ಬಾಣಂತನವಿಲ್ಲ. ತಾಯಿ ತಿರುಗಿಯೂ ನೋಡುವುದಿಲ್ಲ. ಆ ಹೊತ್ತಿಗೆ ಅದರ ಬೆನ್ನ ಮೇಲೆ ಮುಂದಿನ ಮಚ್ಚೆ ಬಂದಿರುತ್ತೆ. ಎರಡು ಮೂರು ತಿಂಗಳಿಗೆ ಆ ಮರಿಗಳೇ ತಾಯ್ತಂದೆ. ಆದರೆ ಟ್ಯಾಂಕಿನಲ್ಲಿ ಮೀನಿದ್ದರೆ ಸಂಸಾರ ಇಷ್ಟು ಬೆಳೆಯದು, ಬಾಯಿಗೆ ಹಿಡಿಸುವ ಮರಿಯನ್ನು ಹೆಚ್ಚಿನ ಮೀನುಗಳು ಬಿಡುವುದಿಲ್ಲ. ಅತಿಥಿಗಳು ಕೇಳುವ "ಮೀನೆಲ್ಲಿ"ಗೆ ಅದೇ ಉತ್ತರ.

ಈ ಸಂತಾನದ ಲೆಕ್ಕದಲ್ಲಿ ಕೈ ಆಡಿಸುವ ಆಸೆ ಇವರಿಗೆ ಬಂದದ್ದು ಬೇಸಿಗೆಯಲ್ಲಿ. ನೀರು ತಣ್ಣಗಿದ್ದರೆ ಹೆಣ್ಣು ಮರಿ ಹೆಚ್ಚು, ಬೆಚ್ಚಗಾದರೆ ಗಂಡು ಹೆಚ್ಚು ಅಂತ ಚೆರ್ರಿ ಸೀಗಡಿಯ ಮೇಲೆ ಪ್ರಯೋಗ ನಡೆಸಿದವರು ಬರೆದದ್ದನ್ನು ಎಲ್ಲೋ ಓದಿದರು. ಏಪ್ರಿಲ್ ಬೇರೆ. ಮನೆಯಲ್ಲಿದ್ದ ಒಳ್ಳೆಯ ಟೇಬಲ್ ಫ್ಯಾನು ಟ್ಯಾಂಕಿನ ನೀರಿಗೆ ಗಾಳಿ ಹಾಕತೊಡಗಿತು. ನೀರು ಆವಿಯಾಗಿ ಒಂದೆರಡು ಡಿಗ್ರಿ ತಣಿಯುತ್ತೆ, ನಿಜ. ಆವಿಯಾದಷ್ಟು ನೀರನ್ನು ದಿನಾ ತುಂಬಬೇಕು, ಅದೂ ನಿಜ. ನಾನೂ ಅತ್ತೆಯೂ ಬೀಸಣಿಗೆ ಹಿಡಿದು ಕೂತದ್ದೂ ನಿಜ.

ಚೆರ್ರಿ ಸಾಲದಾಯಿತು. ಈ ರೋಗ ಹತ್ತಿದವರು ಎಲ್ಲರೂ ಹತ್ತುವ ಮುಂದಿನ ಮೆಟ್ಟಿಲು ಬೀ ಶ್ರಿಂಪ್, ಅದರಲ್ಲೂ ಕ್ರಿಸ್ಟಲ್ ರೆಡ್. ಕೆಂಪು ಬಿಳಿ ಪಟ್ಟೆ. 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಜುಕಿ ಎಂಬವರು ತಮ್ಮ ಕಪ್ಪು ಬಿಳಿ ಸೀಗಡಿಗಳ ರಾಶಿಯಲ್ಲಿ ಅಪ್ಪಿತಪ್ಪಿ ಹುಟ್ಟಿದ ಕೆಂಪನ್ನು ಗುರುತಿಸಿ, ಹಿಡಿದು, ಕೂಡಿಸಿ ಕೂಡಿಸಿ ತೆಗೆದ ತಳಿ. ಕಣ್ಣು ಇದ್ದ ಮನುಷ್ಯ, ಎರಡು ಮಾತಿಲ್ಲ. ಜಪಾನಿನವರೇ ಆದ ತಾಕಾಶಿ ಅಮಾನೋ, ನೀರೊಳಗೆ ತೋಟ ಕಟ್ಟಿ ಫೋಟೋ ತೆಗೆಯುತ್ತಿದ್ದ ಕಲಾವಿದ, 2015ರಲ್ಲಿ ತೀರಿಕೊಂಡರು. ಪಾಚಿ ತಿನ್ನುವ ಇನ್ನೊಂದು ಸೀಗಡಿಗೆ ಅವರ ಹೆಸರೇ ನಿಂತಿದೆ. ಅದು ಮನೆಯಲ್ಲಿ ಮರಿ ಮಾಡುವುದು ಬಲು ಕಷ್ಟ, ಹೊಳೆಯಲ್ಲಿ ಹುಟ್ಟುವ ಅದರ ಮರಿಗಳು ಸಮುದ್ರದ ಉಪ್ಪುನೀರಿಗೆ ಹೋಗಿಯೇ ಬೆಳೆಯಬೇಕು. ಅಮಾನೋ ಮೇಲಿನ ಗೌರವಕ್ಕೆ ಇವರು ಕಲ್ಲುಪ್ಪಿನ ಡಬ್ಬಿಗೆ ಕೈ ಹಾಕುವುದರಲ್ಲಿದ್ದರು, ನಾನು ಡಬ್ಬಿ ಬಚ್ಚಿಟ್ಟೆ.

ಕ್ರಿಸ್ಟಲ್ ರೆ‌ಡ್‌ಗೆ ದರ್ಜೆಗಳಿವೆ. ಸಿ, ಬಿ, ಎ, ಎಸ್, ಎಸ್‌ಎಸ್, ಎಸ್‌ಎಸ್‌ಎಸ್. ಬಿಳಿ ಎಷ್ಟು ದಟ್ಟ, ಕೆಂಪು ಎಲ್ಲಿ ನಿಲ್ಲಬೇಕು, ಕಾಲಿಗೂ ಬಣ್ಣವಿದೆಯಾ, ಹಾಗೆ. ಬೆನ್ನ ಮೇಲೆ ಒಂದು ಕೆಂಪು ಉಂಡೆ ಇದ್ದರೆ ಜಪಾನಿನ ಬಾವುಟದ ನೆನಪಿಗೆ ಹಿನೊಮಾರು. ಚೆರ್ರಿಗೂ ಬಿಟ್ಟಿಲ್ಲ, ಚೆರ್ರಿ, ಸಕುರಾ, ಫೈರ್ ರೆಡ್, ಪೇಂಟೆಡ್ ಫೈರ್ ರೆಡ್. ದರ್ಜೆ ಏರಿದಂತೆ ಬೆಲೆ ಏರುತ್ತೆ, ಬೆಲೆ ಏರಿದಂತೆ ಸೀಗಡಿಯ ಆರೋಗ್ಯ ಇಳಿಯುತ್ತೆ, ಏಕೆಂದರೆ ಒಂದೇ ಕುಟುಂಬದೊಳಗೆ ಕೂಡಿಸಿ ಕೂಡಿಸಿ ತೆಗೆದದ್ದು. ಕೆಂಪು, ನೀಲಿ, ಹಳದಿ ಚೆರ್ರಿಗಳನ್ನು ಒಂದೇ ಟ್ಯಾಂಕಿನಲ್ಲಿ ಬಿಡಬಾರದಂತೆ. ಬಿಟ್ಟರೆ ಅವು ಬಣ್ಣ ನೋಡದೆ ಕೂಡುತ್ತವೆ, ಕೆಲವೇ ಪೀಳಿಗೆಯಲ್ಲಿ ಮೊಮ್ಮಕ್ಕಳು ಮತ್ತೆ ಆ ಚೀನಾದ ಹಳ್ಳದ ಕಂದು ಬಣ್ಣಕ್ಕೇ ಹೋಗಿಬಿಡುತ್ತವೆ. ನನಗಂತೂ ಇದು ಬಹಳ ಸಮಾಧಾನ ಕೊಟ್ಟ ಸುದ್ದಿ. ಕೆಂಪು ಉಳಿಯಬೇಕಾದರೆ ವಾರಕ್ಕೊಮ್ಮೆ ಬಣ್ಣ ಕಡಿಮೆಯಾದವನ್ನು ಬಲೆ ಹಾಕಿ ಹಿಡಿದು ಹೊರಗೆ ಹಾಕಬೇಕು, "ಕಲ್" ಮಾಡುವುದು ಅಂತಾರೆ. ವರಾನ್ವೇಷಣೆಯ ಜಾಹೀರಾತಿನಲ್ಲಿ "ಗೌರವರ್ಣದ" ಅಂತ ಓದಿದರೆ ಹಲ್ಲು ಕಡಿಯುವ ಇದೇ ಮನುಷ್ಯ ಸ್ಟೂಲಿನ ಮೇಲೆ ಕೂತು, "ಇದರ ಕಾಲು ಸ್ವಲ್ಪ ಬೆಳ್ಳಗಿದೆ, ಬೇಡ" ಅನ್ನುತ್ತಾರೆ.

ಬೇಡವಾದವು ಎಲ್ಲಿಗೆ? ನನ್ನ ಬಾಲ್ಕನಿಯ ಸಿಮೆಂಟ್ ತೊಟ್ಟಿಗೆ. ನೈದಿಲೆ ಹಾಕಿಟ್ಟಿದ್ದೇನೆ, ತಳದಲ್ಲಿ ಕೆರೆಗೋಡು, ಮೇಲೆ ಒಂದಿಷ್ಟು ಅಂತರಗಂಗೆ, ಸೊಳ್ಳೆಮರಿ ತಿನ್ನಲಿ ಅಂತ ನಾಲ್ಕು ಗಪ್ಪಿ. ಫಿಲ್ಟರಿಲ್ಲ, ಮೀಟರಿಲ್ಲ, ರಿಜಿಸ್ಟರಿಲ್ಲ. ಗೇಟಿನ ಮುಂದಿನ ಮರದ್ದೇ ಬಾದಾಮಿ ಎಲೆ ಗಾಳಿಗೆ ಬಂದು ಬೀಳುತ್ತೆ. ಮಳೆ ಬಂದರೆ ಮಳೆನೀರು, ಇಲ್ಲದಿದ್ದರೆ ತೆರೆದಿಟ್ಟ ಬಕೆಟ್ಟಿನದು. ಗಪ್ಪಿಗಳು ಕೆಲವು ಮರಿ ತಿಂದಿರಬೇಕು, ಬೇರಿನ ಸಿಕ್ಕಿನೊಳಗೆ ನುಗ್ಗಿದ ಮಿಕ್ಕವೆಲ್ಲ ಬದುಕಿವೆ. ಎಲೆ ಸರಿಸಿ ನೋಡಿದರೆ ಕಂದು, ಬೂದಿ, ಅಲ್ಲೊಂದು ಇಲ್ಲೊಂದು ಕೆಂಪಿನ ಸೀಗಡಿಗಳು ಎಣಿಕೆಗೆ ಸಿಗದಷ್ಟು, ಅರ್ಧಕ್ಕರ್ಧ ಹೊಟ್ಟೆಯಡಿ ಗೊಂಚಲು ಹೊತ್ತುಕೊಂಡು. ಒಳಗೆ ಫ್ಯಾನಿನಡಿಯಲ್ಲಿ, ಅಳೆದ ನೀರಿನಲ್ಲಿ, ಎಸ್‌ಎಸ್‌ಎಸ್ ದರ್ಜೆಯವು ವಾರಕ್ಕೊಂದರಂತೆ ಮಗುಚಿಕೊಳ್ಳುತ್ತಿವೆ. ಇವರು ಬಂದು ತೊಟ್ಟಿಯೊಳಗೆ ಟಾರ್ಚು ಬಿಟ್ಟು ನೋಡಿ, "ನೀನು ಇದಕ್ಕೆ ಏನು ಹಾಕ್ತಿದ್ದೀಯ?" ಅಂತ ಗುಟ್ಟಾಗಿ ಕೇಳಿದರು. ಏನೂ ಇಲ್ಲ ಅಂದೆ. ನಂಬಲಿಲ್ಲ. ಟಿಡಿಎಸ್ ಮೀಟರು ತಂದರು. ನೂರ ತೊಂಬತ್ತು ಚಿಲ್ಲರೆ ಬಂತು. ಅಂಕಿ ಹೊಂದಿತಲ್ಲ ಅಂತ ಅವರಿಗೆ ನೆಮ್ಮದಿ. ಯಾರೂ ಕೈ ಹಾಕದೆ ಹೊಂದಿತು ಅನ್ನುವುದನ್ನು ಬರೆಯುವ ಕಾಲಂ ಅವರ ರಿಜಿಸ್ಟರಿನಲ್ಲಿ ಇಲ್ಲ.

ಈಗ ತೊಟ್ಟಿ ತುಂಬಿದೆ. ಭಾವನಿಗೆ ಫೋನು ಮಾಡಿ ಹೇಳುವ ಧೈರ್ಯ ಇಲ್ಲ, ಚಟ್ನಿಗೆ ಸಾಲುವಷ್ಟಾಗಿದೆ. ಹತ್ತಿರದ ಕೆರೆಗೆ ಬಿಟ್ಟುಬಿಡಿ ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟರು. ಅದೊಂದು ಮಾಡಬೇಡಿ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಹರಿಯುವ ಗಿಲ್‌ಬಾಖ್ ಎಂಬ ತೊರೆಯಲ್ಲಿ ಯಾರೋ ಬಿಟ್ಟ ಇದೇ ಸೀಗಡಿ ಸಂಸಾರ ಹೂಡಿ ಕೂತಿದೆ. ಅಂಥ ಚಳಿದೇಶದಲ್ಲೇ ಹಾಗಾದರೆ ನಮ್ಮ ಬೆಚ್ಚಗಿನ ಕೆರೆಗಳಲ್ಲಿ ಕೇಳಬೇಕೆ? ಟ್ಯಾಂಕ್ ಕ್ಲೀನರ್ ಅಂತ ಮಾರುವ ಆ ಕರಿ ಮೀನನ್ನು ಬೇಸರ ಬಂದವರು ಕೆರೆಗೆ ಸುರಿದು, ಈಗ ಬಲೆ ಹಾಕುವವರು ಶಪಿಸುತ್ತಿರುವುದು ಸಾಲದೆ? ನಿಮ್ಮ ಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದ್ದು, ಅದರಲ್ಲಿ ನೀರು ಹಳೆಯದಾಗಿ, ಮೀನಿಲ್ಲದೆ ಸುಮ್ಮನೆ ನಿಂತಿದ್ದರೆ ನಮ್ಮ ಮನೆಗೆ ಬನ್ನಿ. ಕಂದು ಬಣ್ಣದವು ಬೇಕಾದಷ್ಟಿವೆ, ದುಡ್ಡು ಬೇಡ. ಬರುವಾಗ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತನ್ನಿ. ತಾಮ್ರದ ಚೊಂಬು ತರಬೇಡಿ.